ಕಹಳೆ ಮೇಡಂ ಮತ್ತು ಮೂರನೆಯ ಸೂಜಿ

ಆ ಬೀದಿಯವರು ಈಗಲೂ ಹೇಳುತ್ತಾರೆ: ಒಂದು ಮಧ್ಯಾಹ್ನ ಕಳ್ಳನೊಬ್ಬ ಯಾರದೋ ಕೈಚೀಲ ಕಿತ್ತುಕೊಂಡು ಈಜುಕೊಳದ ಮುಂದಿನ ರಸ್ತೆಯಲ್ಲಿ ಎದ್ದೂಬಿದ್ದೂ ಓಡುತ್ತಿದ್ದ. ಅವನ ಹಿಂದೆ ಇಬ್ಬರು ಪೊಲೀಸರು, ಅವರ ಹಿಂದೆ ಚೀಲ ಕಳೆದುಕೊಂಡ ಹೆಂಗಸು, ಅವಳ ಹಿಂದೆ, ಯಾವ ಕಾರಣವೂ ಇಲ್ಲದೆ, ಒಂದು ನಾಯಿ. ಅದೇ ಹೊತ್ತಿಗೆ ಕೊಳದ ಕಟ್ಟಡದೊಳಗಿಂದ ಎರಡು ಗೋಡೆ, ಒಂದು ಗಾಜಿನ ಬಾಗಿಲು ದಾಟಿಕೊಂಡು ದನಿಯೊಂದು ಬಂತು: "ಓಡಬೇಡ!" ಕಳ್ಳ ನಿಂತ. ಪೊಲೀಸರೂ ನಿಂತರು. ಹೆಂಗಸು ನಿಂತಳು. ನಾಯಿ ಕೂತೇಬಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಕಳ್ಳ ನಡೆಯತೊಡಗಿದ, ಪೊಲೀಸರು ಅವನ ಹಿಂದೆ ನಡೆದರು. ನಡೆಯುವುದಕ್ಕೆ ಅಡ್ಡಿಯೇನೂ ಇರಲಿಲ್ಲವಲ್ಲ. ಹೀಗೆ ಸಭ್ಯಸ್ಥರಂತೆ ನಡೆನಡೆದು ಮೂರನೆಯ ತಿರುವಿನಲ್ಲಿ ಅವನನ್ನು ಹಿಡಿದರು. ಪೊಲೀಸರ ಕಾಲುಗಳು ತುಸು ಉದ್ದವಾಗಿದ್ದವು.

ನಾಯಿ ಈ ಕಥೆಗೆ ಆಮೇಲೆ ಸೇರಿಕೊಂಡದ್ದು, ಅಷ್ಟನ್ನು ಒಪ್ಪಿಕೊಳ್ಳೋಣ. ಆದರೆ ಬಸ್ಸು ಹಿಡಿಯಲು ಓಡುತ್ತಿದ್ದ ಗುಮಾಸ್ತನೊಬ್ಬ ಆ ದನಿಗೆ ಗಕ್ಕನೆ ನಿಂತು ಬಸ್ಸು ತಪ್ಪಿಸಿಕೊಂಡದ್ದಂತೂ ಸತ್ಯ. ಅವನೇ ದೂರು ಬರೆದುಕೊಟ್ಟಿದ್ದಾನೆ. ಕೊಳದ ಕಚೇರಿಯ ಕಡತದಲ್ಲಿ ಅದು ಭದ್ರವಾಗಿದೆ.

ದನಿಯ ಒಡತಿ ಊರಿನ ಒಳಾಂಗಣ ಈಜುಕೊಳದಲ್ಲಿ ಇಪ್ಪತ್ತೆರಡು ವರ್ಷದಿಂದ ಈಜು ಕಲಿಸುತ್ತಿದ್ದವರು, ಮುಳುಗುವವರನ್ನು ಎತ್ತುತ್ತಿದ್ದವರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಉಳಿದಂತೆ ಅವರು ಕಹಳೆ ಮೇಡಂ. ಒದ್ದೆ ನೆಲದ ಮೇಲೆ ಯಾರೂ ಓಡಬಾರದು ಎಂಬುದು ಅವರ ಬದುಕಿನ ಏಕೈಕ ಸಿದ್ಧಾಂತ. ಅದು ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಯಾರು ಎಲ್ಲಿ ಓಡುವುದು ಕಂಡರೂ, ನೆಲ ಒಣಗಿದ್ದರೂ ಸರಿಯೆ, ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಟಿವಿಯಲ್ಲಿ ಓಟದ ಪಂದ್ಯ ಬಂದರೆ ಗಂಡ ಎದ್ದು ಚಾನೆಲ್ ಬದಲಿಸುತ್ತಿದ್ದ.

ಸೀಟಿಯನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಸೀಟಿ ಊದೋದಕ್ಕೆ ಕುಕ್ಕರ್ ಇದೆ, ಮನುಷ್ಯ ಯಾಕೆ ಬೇಕು?" ಎನ್ನುತ್ತಿದ್ದರು. ಹಿಂದೊಮ್ಮೆ ಕೊರಳಿಗೆ ಬೆಳ್ಳಿ ಬಣ್ಣದ ಸೀಟಿ ನೇತುಹಾಕಿಕೊಂಡ ಒಬ್ಬ ತರುಣ ಅವರ ಜಾಗಕ್ಕೆ ಅರ್ಜಿ ಹಾಕಿದ್ದ. ಮೇಡಂ ನೇರವಾಗಿ ಕಚೇರಿಗೆ ನುಗ್ಗಿ ಒಂದು ನಿಯಮ ಬರೆಸಿಯೇ ಹೊರಗೆ ಬಂದರು: ತರಬೇತುದಾರರ ದನಿ, ಯಾವುದೇ ಉಪಕರಣದ ನೆರವಿಲ್ಲದೆ, ಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಪಷ್ಟವಾಗಿ ಕೇಳಿಸತಕ್ಕದ್ದು, ಮೂರು ವರ್ಷಕ್ಕೊಮ್ಮೆ ಮೇಲಿನ ಕಚೇರಿಯ ಪರೀಕ್ಷಕರು ಬಂದು ಇದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಸೀಟಿಯ ತರುಣ ಬಾಲ ಮುದುರಿಕೊಂಡು ಹೋದ. ಅಂದಿನಿಂದ ಪರೀಕ್ಷಕರು ಬರುತ್ತಿದ್ದರು, ಮೇಡಂ ಬಾಯಿ ತೆರೆಯುತ್ತಿದ್ದರು, ಪರೀಕ್ಷಕರು ಕಿವಿ ಉಜ್ಜಿಕೊಳ್ಳುತ್ತ ಸಹಿ ಹಾಕಿ ಹೋಗುತ್ತಿದ್ದರು.

ಆ ಗಂಟಲಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಗುಬ್ಬಿ ಮೊಟ್ಟೆಯಷ್ಟಿತ್ತು, ಅಂಗಿಯ ಕಾಲರು ಒತ್ತುವಷ್ಟಾಯಿತು. ಡಾಕ್ಟ್ರಮ್ಮ ಸ್ಕ್ಯಾನ್ ಮಾಡಿ ನೋಡಿ, ಥೈರಾಯ್ಡ್ ಗ್ರಂಥಿಯಲ್ಲಿ ನೀರು ತುಂಬಿದ ಗುಳ್ಳೆ, ಕೆಟ್ಟದ್ದೇನಲ್ಲ ಎಂದರು. ಕೊಯ್ಯುವುದೂ ಬೇಡ. ಸೂಜಿಯಿಂದ ನೀರು ಹೀರಿ, ಅದೇ ಜಾಗಕ್ಕೆ ಒಂದಿಷ್ಟು ಶುದ್ಧ ಸ್ಪಿರಿಟ್ ಬಿಟ್ಟರೆ ಗುಳ್ಳೆ ಒಳಗೊಳಗೇ ಸುಟ್ಟು ಮುದುಡಿಕೊಳ್ಳುತ್ತದೆ. ಮೂರು ಸಲ ಮಾಡಿದರೆ ಸಾಕು.

"ಒಂದೇ ಒಂದು ಮಾತು, ಮೇಡಂ. ದನಿಯ ನರ ಆ ಗ್ರಂಥಿಯ ಬೆನ್ನಿಗೇ ಅಂಟಿಕೊಂಡು ಹೋಗುತ್ತೆ. ಸೂಜಿ ಒಳಗಿರುವಾಗ ಮಾತಾಡಬಾರದು, ಕೆಮ್ಮಬಾರದು, ಉಗುಳು ಕೂಡ ನುಂಗಬಾರದು. ಸ್ಪಿರಿಟ್ ಹೊರಗೆ ಸೋರಿದ್ರೆ ದನಿಗೆ ತೊಂದರೆ ಆಗಬಹುದು."

"ನಾನು ನೀರೊಳಗೆ ಎರಡು ನಿಮಿಷ ಉಸಿರು ಕಟ್ಟಿ ಕೂರ್ತೀನಿ, ಡಾಕ್ಟ್ರಮ್ಮ. ಬಾಯಿ ಕಟ್ಟೋದೇನು ಮಹಾ!" ಎಂದು ಮೇಡಂ ಕಾಗದಕ್ಕೆ ರುಜು ಹಾಕಿದರು.

ಮೊದಲನೆಯ ಸಲ ಕಲ್ಲಿನಂತೆ ಮಲಗಿದ್ದರು. ಎರಡನೆಯ ಸಲವೂ ಹಾಗೇ. ಗಂಟು ಅರ್ಧ ಇಳಿಯಿತು. ಮೂರನೆಯ ಸಲ ಕೋಣೆಯ ಬಾಗಿಲನ್ನು ಯಾರೋ ಒಂದು ಗೇಣು ತೆರೆದಿಟ್ಟಿದ್ದರು. ಹೊರಗಿನ ಓಣಿಯನ್ನು ಆಗಷ್ಟೇ ಒರೆಸಿದ್ದರು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಕತ್ತಿನಲ್ಲಿ ಸೂಜಿ ಇದೆ, ಸ್ಪಿರಿಟ್ ಇಳಿಯುತ್ತಿದೆ, ಮೇಡಂ ಕಣ್ಣಂಚಿನಲ್ಲಿ ನೋಡುತ್ತಾರೆ: ಔಷಧಿ ಡಬ್ಬಗಳನ್ನು ಗದ್ದದವರೆಗೆ ಪೇರಿಸಿಕೊಂಡ ಕಾಂಪೌಂಡರ್ ಒಬ್ಬ ಆ ನೆಲದ ಮೇಲೆ ಓಡಿಬರುತ್ತಿದ್ದಾನೆ!

ಮುಂದೆ ಆದದ್ದಕ್ಕೆ ಅವರನ್ನು ದೂರುವಂತಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಯಾರನ್ನೂ ಕೇಳಿಕೊಂಡು ಹೊರಡುವುದಿಲ್ಲ.

"ಓಡಬೇಡ!"

ಕಾಂಪೌಂಡರ್ ನಿಂತ. ಒಂದು ಡಬ್ಬವೂ ಬೀಳಲಿಲ್ಲ. ಮೇಲಿನ ಮಹಡಿಯಲ್ಲಿ ಗಾಲಿಕುರ್ಚಿಯೊಂದು ನಿಂತಿತು ಎಂದೂ ಹೇಳುತ್ತಾರೆ. ಗಂಟಲು ಏರಿ ಇಳಿದ ರಭಸಕ್ಕೆ ಸೂಜಿಯ ತುದಿ ಸರಿದು ಎರಡು ಹನಿ ಸ್ಪಿರಿಟ್ ಗುಳ್ಳೆಯ ಹೊರಗೆ ಸೋರಿತು. ಮೇಡಂ ಕಿವಿಯವರೆಗೂ ಬೆಂಕಿ ಹತ್ತಿದಂತಾಗಿ "ಅಯ್ಯೋ" ಎಂದರು. ಅಂದರೆ, ಎನ್ನಲು ಹೋದರು. ಬಾಯಿಂದ ಬಂದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವ ಸದ್ದು.

ಡಾಕ್ಟ್ರಮ್ಮ ಮೂಗಿನಿಂದ ತೆಳ್ಳನೆಯ ನಳಿಕೆ ಇಳಿಸಿ, ಪರದೆಯ ಮೇಲೆ ಅವರಿಗೇ ಅವರ ಗಂಟಲನ್ನು ತೋರಿಸಿದರು. "ದನಿಯ ತಂತು ಎರಡಿರುತ್ತೆ, ಜೋಡಿ ಬಾಗಿಲ ಹಾಗೆ. ಬಲಗಡೆಯದು ಬಂದು ಮುಚ್ಚಿಕೊಳ್ತಿದೆ, ನೋಡಿ. ಎಡಗಡೆಯದು ಬಿದ್ದುಕೊಂಡಿದೆ. ನರ ಸತ್ತಿರಲಿಕ್ಕಿಲ್ಲ, ಮಂಕಾಗಿದೆ. ಮೂರು ತಿಂಗಳೋ ಆರು ತಿಂಗಳೋ ಆದ ಮೇಲೆ ಏಳಬಹುದು."

ಬಹುದು ಎಂಬ ಮಾತು ಮೇಡಂ ಅವರಿಗೆ ಹಿಡಿಸಲಿಲ್ಲ. ಈಜು ಕಲಿಯುವವರಿಗೆ ಅವರು ಯಾವತ್ತೂ "ತೇಲಬಹುದು" ಎಂದವರಲ್ಲ.

ಮನೆಯಲ್ಲಿ ಬೇರೆಯೇ ನಾಟಕ ನಡೆಯಿತು. ಗಂಡ ಗಡಿಯಾರ ರಿಪೇರಿಯವನು. ಸಣ್ಣ ಅಂಗಡಿ, ಒಂದು ಕಣ್ಣಿಗೆ ಭೂತಗನ್ನಡಿ, ದಿನಕ್ಕೆ ಇಪ್ಪತ್ತು ಮಾತು. ಹೆಂಡತಿ ಬಾಗಿಲಲ್ಲಿ ನಿಂತು "ದನಿ ಹೋಯ್ತು ರೀ" ಎಂದು ಪಿಸುಗುಟ್ಟಿದರೆ "ಹೂಂ" ಎಂದು ಚಪ್ಪಲಿ ಬಿಟ್ಟ. "ಸೂಜಿ ಜಾರಿತು" ಎಂದರೆ ಅದಕ್ಕೂ "ಹೂಂ". ಅವಳ ತುಟಿ ಅಲ್ಲಾಡುತ್ತಿದೆ, ಸದ್ದಿಲ್ಲ. ಹಲ್ಲು ಕಚ್ಚಿಕೊಂಡು ಮಾತಾಡುತ್ತಿದ್ದಾಳೆ, ಕೋಪ ನೆತ್ತಿಗೇರಿದೆ ಎಂದು ಅವನು ಲೆಕ್ಕ ಹಾಕಿದ. ಮರುದಿನ ಪಾತ್ರೆ ತೊಳೆದ. ಎರಡನೆಯ ದಿನ ಆರು ತಿಂಗಳಿಂದ ಸೋರುತ್ತಿದ್ದ ನಲ್ಲಿಗೆ ವಾಷರ್ ಹಾಕಿದ. ಮೂರನೆಯ ದಿನ ಕೈಕಟ್ಟಿ ನಿಂತು, "ನೋಡು, ನಿನ್ನ ತಮ್ಮನ ಗೋಡೆ ಗಡಿಯಾರ ಕೆಡಿಸಿದ್ದು ನಾನೇ. ಹನ್ನೊಂದು ವರ್ಷ ಆಯ್ತು. ಇನ್ನಾದರೂ ಬಿಟ್ಟುಬಿಡು" ಎಂದ.

ಆ ಗಡಿಯಾರದ ಸಂಗತಿ ಮೇಡಂ ಅವರಿಗೆ ಗೊತ್ತೇ ಇರಲಿಲ್ಲ. ಬಯ್ಯಲು ಬಾಯಿ ತೆರೆದರು. ಗಾಳಿ ಬಂತು.

ಕೆಳಗಿನ ಮನೆಯ ನಾದಿನಿ ಮಹಡಿ ಹತ್ತಿ ಬಂದದ್ದು ಆಗ. "ಅತ್ತಿಗೆ, ಏನಿದು, ಮೂರು ದಿನದಿಂದ ಮನೆ ತಣ್ಣಗಿದೆ? ನಮ್ಮ ಮನೆ ಅಲಾರಾಂ ನೀವೇ ಆಗಿದ್ರಿ, ದಿನಾ ಕೆಲಸಕ್ಕೆ ತಡ ಆಗ್ತಿದೆ!"

ಮೇಡಂ ಪಿಸುಗುಟ್ಟಿದರು. ನಾದಿನಿ ಕೇಳಿಸಿಕೊಂಡು ಅಣ್ಣನತ್ತ ತಿರುಗಿದಳು. "ಅಣ್ಣಾ, ಅತ್ತಿಗೆ ಈಗ ಏನಂದ್ರು?"

"ಕೋಪ ಅಂತ."

"ಗಂಟಲಿನ ನರ ಬಿದ್ದುಹೋಗಿದೆಯಂತೆ ಕಣೋ! ನಿನಗೆ ಕೇಳಿಸಲಿಲ್ವಾ?"

"ಕೇಳಿಸುತ್ತೆ. ನೀನು ಯಾಕೆ ಕೂಗ್ತೀಯಾ?"

ನಾದಿನಿ ಅವನ ಕೈಗಡಿಯಾರವನ್ನೇ ಬಿಚ್ಚಿ ಅವನ ಕಿವಿಗೆ ಹಿಡಿದಳು. ಅವನು ತಲೆ ಓರೆ ಮಾಡಿ, ಕಸುಬುದಾರನ ಗಾಂಭೀರ್ಯದಿಂದ ಆಲಿಸಿ ತೀರ್ಪು ಕೊಟ್ಟ: "ನಿಂತಿದೆ."

ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಈಚಿನ ಗಡಿಯಾರಗಳು ಸದ್ದೇ ಮಾಡುವುದಿಲ್ಲ ಎಂದು ಅವನು ಗಿರಾಕಿಗಳಿಗೆ ನಾಲ್ಕೈದು ವರ್ಷದಿಂದ ಹೇಳುತ್ತ ಬಂದಿದ್ದ. ಮನುಷ್ಯನಿಗೆ ಕಿವಿ ಮಂದವಾಗಿದೆ ಎಂದು ಯಾರಿಗೂ ಗೊತ್ತಾಗಿರಲಿಲ್ಲ, ಅವನಿಗೂ. ಹೆಂಡತಿಯ ದನಿಯೊಂದು ಕೇಳಿಸುತ್ತಿದ್ದರೆ ಲೋಕದಲ್ಲಿ ಬೇರೇನು ಕೇಳಿಸಬೇಕು? ಕಿವಿಗೆ ಹಾಕುವ ಯಂತ್ರಕ್ಕೆ ಅಳತೆ ಕೊಟ್ಟು ಬಂದರು; ಬರಲು ಬಹಳ ವಾರ ಹಿಡಿಯುತ್ತದೆ ಎಂದರು ಅಲ್ಲಿಯವರು.

ಇನ್ನೊಂದು ಅವಮಾನ ಬಾಕಿಯಿತ್ತು. ಬಾಗಿಲು ಪೂರ್ತಿ ಮುಚ್ಚದ ಗಂಟಲಿನಲ್ಲಿ ನೀರು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯುತ್ತಿತ್ತು. ಇಪ್ಪತ್ತೆರಡು ವರ್ಷ ಕೊಳದಲ್ಲಿ ಒಂದು ಗುಟುಕು ನುಂಗದ ವೀರಮಣಿ ಅಡುಗೆಮನೆಯಲ್ಲಿ ಒಂದು ಲೋಟ ನೀರಿಗೆ ಮುಳುಗುವ ಹಾಗಾದರು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಗಾಯಿತು.

ಈ ನಡುವೆ ಕಚೇರಿಯಿಂದ ಪತ್ರ ಬಂತು. ಪರೀಕ್ಷಕರು ನಾಲ್ಕು ತಿಂಗಳಲ್ಲಿ ಬರುತ್ತಾರೆ. ಕೊಳದ ಸೂಪರಿಂಟೆಂಡೆಂಟರು ಒಳ್ಳೆಯ ಮನುಷ್ಯರು, ಮೇಡಂ ಅವರನ್ನು ಕೂರಿಸಿಕೊಂಡು ಹೇಳಿದರು: "ನಿಯಮ ನೀವೇ ಬರೆಸಿದ್ದು. ನಾನು ಏನು ಮಾಡಲಿ? ಪರೀಕ್ಷೆಯಲ್ಲಿ ದನಿ ಕೇಳಿಸದಿದ್ರೆ ನಿಮ್ಮನ್ನ ಲಾಕರ್ ಕೀ ಕೌಂಟರಿಗೆ ಹಾಕ್ತಾರೆ. ಈಗಲೇ ಬಂದುಬಿಡಿ. ಕುರ್ಚಿ ಇದೆ, ಫ್ಯಾನ್ ಇದೆ, ಮಾತೇ ಬೇಕಿಲ್ಲ."

"ನೀರು ಇದೆಯಾ?" ಎಂದು ಮೇಡಂ ಪಿಸುಗುಟ್ಟಿದರು.

"ಕುಡಿಯೋದಕ್ಕೆ ಇದೆ."

ಮೇಡಂ ಎದ್ದು ಕೊಳದ ಕಡೆಗೇ ಹೊರಟರು.

ಮರುದಿನ ಬೆಳಗ್ಗೆ ಪೆನ್ಷನ್ ಬ್ಯಾಚು. ಎಂಟು ಜನ ನಿವೃತ್ತರು, ಎಲ್ಲರಿಗೂ ಅರವತ್ತು ದಾಟಿದೆ, ಎಲ್ಲರನ್ನೂ ನೀರಿಗೆ ಇಳಿಸಿದವರು ಮೇಡಂ. ಅವರ ಶಿಸ್ತು ಸರಳ: "ಶುರು" ಎಂದಾಗ ಹೊರಡುವುದು, "ಸಾಕು" ಎನ್ನುವವರೆಗೆ ನಿಲ್ಲದಿರುವುದು. ಅವತ್ತು ಮೇಡಂ ಕೈ ಬೀಸಿ ಹೊರಡಿಸಿದರು. ಆರು ಸುತ್ತು ಆದ ಮೇಲೆ "ಸಾಕು" ಎಂದರು. ಪಕ್ಕದ ಕೋಣೆಯಲ್ಲಿ ನೀರು ಸೋಸುವ ಪಂಪು ಗರಗರ ಎನ್ನುತ್ತಿತ್ತು, ಮೇಡಂ ಅವರ "ಸಾಕು" ಅವರ ಮೂಗಿನ ತುದಿಯನ್ನೂ ದಾಟಲಿಲ್ಲ. ಕೈ ಬೀಸಿದರು. ನೀರಿನಲ್ಲಿ ಮುಖವಿಟ್ಟವರಿಗೆ ಕೈ ಕಾಣುವುದು ಹೇಗೆ? ಏಳಾಯಿತು, ಒಂಬತ್ತಾಯಿತು. ಮೇಡಂ ಅಂಚಿನುದ್ದಕ್ಕೂ ಬಿರಬಿರನೆ ನಡೆದರು. ಓಡಲಿಲ್ಲ, ಪ್ರಾಣ ಹೋದರೂ ಓಡುವವರಲ್ಲ. ಈಜುಗಾರರು, ಇವತ್ತು ಮೇಡಂ ಏನೋ ದೊಡ್ಡದನ್ನು ಉದ್ದೇಶಿಸಿದ್ದಾರೆ ಎಂದುಕೊಂಡು ಹಲ್ಲು ಕಚ್ಚಿ ಕೈ ಬಡಿದರು. ಹನ್ನೊಂದನೆಯ ಸುತ್ತಿನಲ್ಲಿ ನಿವೃತ್ತ ಹೆಡ್‌ಮಾಸ್ಟರರ ಮೀನಖಂಡ ಹಿಡಿದುಕೊಂಡಿತು. ಅವರು ನಿಧಾನವಾಗಿ, ಬಹಳ ಘನತೆಯಿಂದ, ಮುಳುಗತೊಡಗಿದರು.

ಮೇಡಂ ಧುಮುಕಿ ಅರೆ ನಿಮಿಷದಲ್ಲಿ ಅವರನ್ನು ಅಂಚಿಗೆ ಎಳೆದು ತಂದರು.

"ಯಾಕೆ ಸಾರ್ ನಿಲ್ಲಿಸಲಿಲ್ಲ?" ಎಂದು ಅವರ ಕಿವಿಯ ಬಳಿ ಉಸುರಿದರು.

ಹೆಡ್‌ಮಾಸ್ಟರರು ನೀರು ಕಕ್ಕುತ್ತ, "ನೀವು ಸಾಕು ಅನ್ನಲಿಲ್ವಲ್ಲ, ಮೇಡಂ! ನಾವಾಗೇ ನಿಲ್ಲಿಸೋದಕ್ಕೆ ಆಗುತ್ತಾ?" ಎಂದರು. ಉಳಿದ ಏಳು ತಲೆಗಳು ನೀರಿನ ಮೇಲೆ ಹೌದೌದು ಎಂದು ಆಡಿದವು.

ಅವತ್ತು ಮಧ್ಯಾಹ್ನ ಮೇಡಂ ಅಂಗಡಿಗೆ ಹೋಗಿ ಒಂದು ಸೀಟಿ ಕೊಂಡರು. ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ಬಂದರು. ದಿನದ ಕೆಲಸ ನಡೆಯಿತು. ಆದರೆ ಪರೀಕ್ಷೆಯಲ್ಲಿ ಅದನ್ನು ಊದುವಂತಿಲ್ಲ. ಯಾವುದೇ ಉಪಕರಣದ ನೆರವಿಲ್ಲದೆ. ಆ ಸಾಲನ್ನು ಬರೆಸಿದ ದಿನ ಮೇಜು ಗುದ್ದಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು.

ದನಿ ತರಬೇತಿಗೆ ಆಸ್ಪತ್ರೆಯಲ್ಲಿ ಒಬ್ಬಳು ತರುಣಿಯಿದ್ದಳು. ಮೇಡಂ ಅವರ ಅರ್ಧ ವಯಸ್ಸು. ಗದ್ದ ಇಳಿಸಿ, ಕತ್ತು ಎಡಕ್ಕೆ ತಿರುಗಿಸಿ ನೀರು ಕುಡಿಯುವುದನ್ನು ಕಲಿಸಿದಳು, ಕೆಮ್ಮು ನಿಂತಿತು. ಕೂಗಕೂಡದು, ಪಿಸುಗುಟ್ಟಲೂ ಕೂಡದು, ಊಂ ಎಂದು ಒಂದೇ ಸಮ ಗುನುಗಬೇಕು ಎಂದಳು. ಒಂದು ದಿನ ಗುನುಗಲು ಹಚ್ಚಿ, ಫೋನು ಬಂತೆಂದು ಹೊರಗೆ ಹೋದವಳು ಕಾಲು ಗಂಟೆ ಬಿಟ್ಟು ಬಂದಳು. ಮೇಡಂ ಮುಖ ಬೀಟ್‌ರೂಟಿನಂತಾಗಿತ್ತು. ಗುನುಗು ನಡೆದೇ ಇತ್ತು.

"ಅಯ್ಯೋ, ಯಾಕೆ ಮೇಡಂ ನಿಲ್ಲಿಸಲಿಲ್ಲ?"

"ನೀವು ಸಾಕು ಅನ್ನಲಿಲ್ಲ."

ಹೇಳಿದ ಮೇಲೆ ಮೇಡಂ ಮುಖದ ಬೆವರು ಒರೆಸಿಕೊಂಡರು. ಹೆಡ್‌ಮಾಸ್ಟರರನ್ನು ಮನಸ್ಸಿನಲ್ಲೇ ಕ್ಷಮಿಸಿರಬೇಕು.

ಮೂರು ತಿಂಗಳಿಗೆ ಪರದೆಯ ಮೇಲೆ ಎಡ ತಂತು ಸಣ್ಣಗೆ ಕದಲಿತು. ಡಾಕ್ಟ್ರಮ್ಮ ಖುಷಿಪಟ್ಟರು. ಪೂರ್ತಿ ಏಳದಿದ್ದರೆ ಇನ್ನೊಂದು ಸೂಜಿಯಿದೆ, ಅದರಿಂದ ತಂತುವನ್ನು ಉಬ್ಬಿಸಿ ನಡುವಿಗೆ ತಳ್ಳಬಹುದು ಎಂದರು. "ಆದರೆ ಆಗ ನೀವು 'ಈ...' ಅಂತ ದನಿ ಮಾಡ್ತಾ ಇರಬೇಕು."

"ಸೂಜಿ ಒಳಗಿರುವಾಗ?"

"ಹೂಂ."

"ಹೋದ ಸಲ ಅದನ್ನೇ ತಾನೆ ನಾನು ಮಾಡಿದ್ದು!" ಎಂದು ಮೇಡಂ ಚಪ್ಪಲಿ ಮೆಟ್ಟಿದರು. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದಾಯಿತು.

ದನಿ ಬಂತು, ಬೇರೆ ಯಾರದೋ ದನಿ ಬಂದ ಹಾಗೆ. ಎದುರು ಕೂತವರೊಡನೆ ಮಾತಾಡಲು ಸಾಕಾಗುವ, ಪಕ್ಕದ ಕೋಣೆಯವರನ್ನು ಊಟಕ್ಕೆ ಕರೆಯಲು ಸಾಕಾಗುವ, ಯಾವ ಹೆಂಗಸಿಗೂ ಇರಬಹುದಾದ ದನಿ. ಕೊಳದ ಅಂಚಿನಲ್ಲಿ ನಿಂತು ದಿನವೂ ಪರೀಕ್ಷಿಸಿದರು. ಪಂಪಿನವನು, ಅಂದರೆ ಪಂಪು ಮತ್ತು ಕ್ಲೋರಿನ್ ನೋಡಿಕೊಳ್ಳುವ ನಲವತ್ತರ ಮನುಷ್ಯ, ಆಚೆ ತುದಿಯಲ್ಲಿ ನಿಂತು ಕಿವಿ ಚಾಚುತ್ತಿದ್ದ. "ಬಾಯಿ ಅಲ್ಲಾಡಿದ್ದು ಕಾಣಿಸ್ತು ಅಕ್ಕ!" ಎಂದು ಹುರಿದುಂಬಿಸುತ್ತಿದ್ದ. ಹನ್ನೆರಡು ಮೀಟರ್ ದಾಟುವಷ್ಟರಲ್ಲಿ ದನಿ ಪಂಪಿನ ಗರಗರದಲ್ಲಿ ಕರಗುತ್ತಿತ್ತು. ಕೊಳ ಇಪ್ಪತ್ತೈದು ಮೀಟರ್. ಪರೀಕ್ಷೆಗೆ ಎಂಟು ದಿನ. ಅವತ್ತು ಮೇಡಂ ಕೀ ಕೌಂಟರಿನ ಮುಂದೆ ಹಾದುಹೋಗುತ್ತ ಆ ಕುರ್ಚಿಯನ್ನು ಎರಡು ಸಲ ನೋಡಿದರು. ಅದರ ಒಂದು ಕಾಲಿಗೆ ರಟ್ಟು ಮಡಚಿ ಇಟ್ಟಿದ್ದರು.

ಅದೇ ವಾರ ಗಂಡನ ಕಿವಿಯ ಯಂತ್ರ ಬಂತು. ಹಾಕಿಕೊಂಡವನು ಎರಡು ದಿನ ಲೋಕದ ಮೇಲೆ ಮುನಿಸಿಕೊಂಡಿದ್ದ: ಚಮಚ ಇಷ್ಟು ಸದ್ದು ಮಾಡುತ್ತದೆಯೇ, ಕಾಗದ ಇಷ್ಟು ಸದ್ದು ಮಾಡುತ್ತದೆಯೇ! ಮೂರನೆಯ ದಿನ, ಮೇಡಂ ಮರೆತು ಬಂದಿದ್ದ ಕನ್ನಡಕ ಕೊಡಲು ಕೊಳದ ಬಳಿ ಬಂದ. ಗಾಜಿನ ಬಾಗಿಲು ತಳ್ಳಿದವನೇ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ.

"ಒಳಗೆ ಏನು ಗಿರಣಿ ಇಟ್ಟಿದ್ದೀರಾ?"

"ಪಂಪು, ಭಾವ," ಎಂದ ಪಂಪಿನವನು.

"ಪಂಪು ಹೀಗೆ ಅಳಲ್ಲ." ದಿನಕ್ಕೆ ಇಪ್ಪತ್ತು ಮಾತಿನ ಮನುಷ್ಯ ಯಾರನ್ನೂ ಕೇಳದೆ ಪಂಪಿನ ಕೋಣೆಗೆ ನಡೆದ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಪಂಪಿನ ಮೈಗೂ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೂ ಇಟ್ಟು ಕಣ್ಣು ಮುಚ್ಚಿದ. "ಬೇರಿಂಗ್ ತಿಂದುಹೋಗಿದೆ. ಯಾವಾಗಿಂದ ಹೀಗೆ?"

"ಒಂಬತ್ತು ವರ್ಷ ಆಗಿರಬೇಕು."

"ಒಂಬತ್ತು ವರ್ಷ! ಯಾರೂ ಏನೂ ಅನ್ನಲಿಲ್ವಾ?"

"ಕೇಳಿಸಿದ್ರೆ ತಾನೆ ಅನ್ನೋದು, ಭಾವ?" ಪಂಪಿನವನು ಮೇಡಂ ಕಡೆಗೆ ಕೈ ತೋರಿಸಿದ. "ಅಕ್ಕ ಇದ್ರಲ್ಲ!"

ಮೇಡಂ ಕನ್ನಡಕ ಹಾಕಿಕೊಂಡು ಪಂಪನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. ತಮ್ಮ ದನಿಯ ಕೆಳಗೆ ಇನ್ನು ಯಾರು ಯಾರು ಹಾಯಾಗಿ ಕೆಟ್ಟು ಕೂತಿದ್ದಾರೋ ಎಂದು ಲೆಕ್ಕ ಹಾಕುತ್ತಿರುವಂತಿತ್ತು. ಆಮೇಲೆ ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ ಬೇರಿಂಗಿಗೆ ಅರ್ಜಿ ಬರೆದುಕೊಟ್ಟರು. ಅದು ಪರೀಕ್ಷೆಯ ಹಿಂದಿನ ದಿನ ಬಂದು, ಗಂಡನ ಉಸ್ತುವಾರಿಯಲ್ಲಿ ಕೂತಿತು.

ಪರೀಕ್ಷಕರು ಹೊಸಬರು, ತೆಳ್ಳಗಿನ, ಅವಸರದ ಮನುಷ್ಯ. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಂದರು. ಮೇಡಂ ಅವರ ಕೀರ್ತಿಯನ್ನು ಕೇಳಿದ್ದರು, ಜೇಬಿನಲ್ಲಿ ಹತ್ತಿ ಇಟ್ಟುಕೊಂಡಿದ್ದರು. ನೀರಿನಲ್ಲಿ ಪೆನ್ಷನ್ ಬ್ಯಾಚಿನ ಎಂಟು ತಲೆಗಳು ಉಸಿರು ಬಿಗಿಹಿಡಿದಿದ್ದವು. ಹೆಡ್‌ಮಾಸ್ಟರರು ತುಟಿಯ ಮೇಲೆ ಬೆರಳಿಟ್ಟು ಉಳಿದವರನ್ನು ಕಣ್ಣಿನಲ್ಲೇ ಹೆದರಿಸುತ್ತಿದ್ದರು. ಪರೀಕ್ಷಕರು ಆಳದ ತುದಿಗೆ ಹೋಗಿ ನಿಂತು, ಕಿವಿಗೆ ಹತ್ತಿ ಇಡಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗ, ನಡುವಿನ ಬೆಂಚಿನ ಮೇಲೆ ಬಿಟ್ಟು ಬಂದಿದ್ದ ಅವರ ಫೋನು ಬಡಿದುಕೊಂಡಿತು. ಮೇಲಧಿಕಾರಿಯದಿರಬೇಕು. ಅವರು ಒದ್ದೆ ನೆಲದ ಮೇಲೆ, ಪ್ಲಾಸ್ಟಿಕ್ ಕಟ್ಟಿದ ಬೂಟಿನಲ್ಲಿ, ದಡದಡನೆ ಹೊರಟರು.

"ಓಡಬೇಡಿ, ಸಾರ್," ಎಂದರು ಮೇಡಂ, ಈಚೆ ತುದಿಯಿಂದ. ಉಪ್ಪಿನ ಡಬ್ಬ ಈ ಕಡೆ ಕೊಡಿ ಎನ್ನುವ ದನಿಯಲ್ಲಿ.

ಪರೀಕ್ಷಕರು ನಿಂತರು. ಒಂದು ಕಾಲು ಗಾಳಿಯಲ್ಲೇ ಉಳಿಯಿತು. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಅವರು ಆ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ತಾವು ಎಲ್ಲಿದ್ದೇವೆ, ಮೇಡಂ ಎಲ್ಲಿದ್ದಾರೆ ಎಂದು ಕಣ್ಣಲ್ಲೇ ಅಳೆದು, ಬೆಂಚಿನವರೆಗೆ ನಡೆದು ಬಂದರು. ನಮೂನೆಯ ಕೊನೆಯ ಸಾಲಿನಲ್ಲಿ "ಕೇಳಿಸಿತು" ಎಂದು ಬರೆದು ಸಹಿ ಹಾಕಿದರು. ನೀರಿನಲ್ಲಿ ಎಂಟು ಜನ ಒಟ್ಟಿಗೇ ಉಸಿರು ಬಿಟ್ಟ ರಭಸಕ್ಕೆ ಅಲೆ ಎದ್ದು ಅಂಚು ತೊಳೆಯಿತು.

ಸಂಜೆಯ ಹೊತ್ತಿಗೆ ಬೀದಿಯಲ್ಲಿ ಕಥೆ ಸಿದ್ಧವಾಗಿತ್ತು: ಮೇಡಂ ಈಗ ಕೂಗುವುದೂ ಬೇಕಿಲ್ಲ, ಸುಮ್ಮನೆ ಅಂದರೆ ಸಾಕು, ಸರ್ಕಾರವೇ ಒಂಟಿಕಾಲಲ್ಲಿ ನಿಲ್ಲುತ್ತದೆ, ಸೂಜಿಯ ಮದ್ದು ದನಿಯನ್ನು ಕೊಲ್ಲಲಿಲ್ಲ, ಭಟ್ಟಿ ಇಳಿಸಿತು. ನಾಯಿಯೂ ಎಲ್ಲಿಂದಲೋ ಬಂದು ಈ ಕಥೆಗೂ ಸೇರಿಕೊಂಡಿತು.

ಪರೀಕ್ಷಕರೇ ಅದಕ್ಕೆ ಬೀಜ ಹಾಕಿದವರು. ಹೊರಡುವಾಗ ಬಾಗಿಲಲ್ಲಿ ನಿಂತು ಮೇಡಂ ಅವರಿಗೆ ಕೈಮುಗಿದು, "ನೀವು ಕೂಗಲೇ ಇಲ್ಲ, ಆದ್ರೂ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳಿಸ್ತು. ಇಪ್ಪತ್ತೈದು ಮೀಟರ್! ಇದು ಎಷ್ಟು ವರ್ಷದ ಸಾಧನೆ, ಮೇಡಂ?" ಎಂದು ಕೇಳಿದ್ದರು.

ಮೇಡಂ ಗದ್ದ ಇಳಿಸಿ, ಕತ್ತು ಎಡಕ್ಕೆ ತಿರುಗಿಸಿ, ಒಂದು ಗುಟುಕು ನೀರು ಕುಡಿದರು.

"ಪಂಪಿಗೆ ನಿನ್ನೆ ಹೊಸ ಬೇರಿಂಗ್ ಹಾಕಿದ್ದಾರೆ, ಸಾರ್."